ಆ ಗೋರಿಗಳ ಮೇಲಿನ ಇಸವಿಗಳನ್ನು ಒಮ್ಮೆ ಓದಿ

ಕಳೆದ ತಿಂಗಳು ದೊಡ್ಡಪ್ಪನ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದೆವು. ಕಾರ್ಯ ಬೇಗ ಮುಗಿಯಿತು. ಊಟಕ್ಕೆ ಇನ್ನೂ ಹೊತ್ತಿತ್ತು, ನನಗೆ ಸುಮ್ನೆ ಕೂರಲು ಮನಸ್ಸಾಗಲಿಲ್ಲ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹೊಳೆ ದಡದಲ್ಲಿರುವ ಗ್ಯಾರಿಸನ್ ಸ್ಮಶಾನಕ್ಕೆ, ಅಂದರೆ ಬ್ರಿಟಿಷ್ ದಂಡಿನವರ ಗೋರಿಗಳಿರುವ ಜಾಗಕ್ಕೆ ಹೋದೆ. ಆ ದಾರಿಯಲ್ಲಿ ಎಷ್ಟು ಸಲ ಬಸ್ಸಲ್ಲಿ ಓಡಾಡಿದ್ದೇನೋ, ಒಳಗೆ ಕಾಲಿಟ್ಟಿದ್ದು ಅವತ್ತೇ ಮೊದಲು.

ಮುನ್ನೂರು ಚಿಲ್ಲರೆ ಗೋರಿಗಳಿವೆ. ಇಟ್ಟಿಗೆ, ಗಾರೆಯವು. ಕೆಲವು ಆಳೆತ್ತರಕ್ಕಿಂತ ಜಾಸ್ತಿ. ಅವುಗಳ ಮಧ್ಯೆ ಒಂದು ಪುಟ್ಟ ಗೋರಿ, ನನ್ನ ಕೈಯಲ್ಲಿ ಎರಡು ಮೊಳ ಬಂತು. ಮಗುವಿನದೇ ಇರಬೇಕು. ಹೆಸರಿನ ಕಲ್ಲು ಕೂರಿಸಿದ್ದ ಜಾಗದಲ್ಲಿ ಬರೀ ಚೌಕದ ಕುಳಿ, ಅದರಲ್ಲಿ ಒಣಗಿದ ಎಲೆ, ಇರುವೆ. ಆ ಮಗುವಿನ ಹೆಸರು ಈಗ ಯಾರಿಗೆ ಗೊತ್ತು?

"ಟಿಪ್ಪು ಮೇಲೆ ದಂಡೆತ್ತಿ ಬಂದವರ ಗೋರಿ, ಹಾಳಾಗಲಿ ಬಿಡು" ಅಂದರು ನಮ್ಮ ಜೊತೆ ಬಂದಿದ್ದ ಒಬ್ಬರು. ನನಗೆ ಅದು ತುಂಬಾ ಕಸಿವಿಸಿಯಾಯಿತು. ಕೋಟೆ ಬಿದ್ದಿದ್ದು 1799ರ ಮೇ 4ರಂದು. ಈ ಸ್ಮಶಾನ ಶುರುವಾಗಿದ್ದೇ 1800ರ ಹೊತ್ತಿಗೆ. ಅಂದರೆ ಇಲ್ಲಿ ಮಲಗಿರುವ ಎಷ್ಟೋ ಜನ ಯುದ್ಧ ಮುಗಿದ ಮೇಲೆ ಸತ್ತವರು, ಅವರ ಹೆಂಡತಿಯರು, ಮಕ್ಕಳು. ದ್ವೀಪದ ಸುತ್ತ ನೀರು, ನಾಲೆ, ಗದ್ದೆ. ಹಾಗಾಗಿ ಆಗ ಇಲ್ಲಿ ಮಲೇರಿಯಾ ಜ್ವರದ ಕಾಟ ವಿಪರೀತವಿತ್ತು. ಅದು ಸೊಳ್ಳೆಯಿಂದ ಬರುತ್ತದೆ ಅಂತ ರೊನಾಲ್ಡ್ ರಾಸ್ ಕಂಡುಹಿಡಿದದ್ದು 1897ರಲ್ಲಿ, ಆ ದಂಡಿನ ಕಾಲದಲ್ಲಿ ಹೆಚ್ಚಿನವರು ಕೆಟ್ಟ ಗಾಳಿ ಅಂತಲೇ ನಂಬಿದ್ದರು. ಗೆದ್ದ ಸೈನ್ಯಕ್ಕೇ ಇಲ್ಲಿ ಬಾಳಲಾಗಲಿಲ್ಲ, ಹತ್ತು ಹನ್ನೆರಡು ವರ್ಷದೊಳಗೆ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಇವತ್ತಿನ ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದರ ಹಿಂದೆ ಈ ಜ್ವರವೂ ಇದೆ!

ಇಲ್ಲಿರುವವರೆಲ್ಲ ಇಂಗ್ಲಿಷರೂ ಅಲ್ಲ. ದ ಮ್ಯೂರಾನ್ ರೆಜಿಮೆಂಟ್ ಅಂತ ಒಂದು ಸ್ವಿಸ್ ಕೂಲಿ ಸೈನ್ಯ, 1781ರಲ್ಲಿ ಡಚ್ಚರಿಗಾಗಿ ಕಟ್ಟಿದ್ದು. ಮೊದಲು ಡಚ್ಚರ ಪರ ಸಿಲೋನ್‌ನಲ್ಲಿದ್ದವರು, ಸಂಬಳ ಕೊಡುವ ಧಣಿ ಬದಲಾಗಿ, ಬ್ರಿಟಿಷರ ಪರ ಇಲ್ಲಿಗೆ ಬಂದರು. ಎಲ್ಲಿಯ ಸ್ವಿಟ್ಜರ್ಲೆಂಡ್, ಎಲ್ಲಿಯ ಕಾವೇರಿ ತೀರ, ಅಲ್ವಾ? ಸ್ಮಶಾನ ಪೂರಾ ಪಾಳು ಬಿದ್ದಿತ್ತು, 2008ರ ಸುಮಾರಿಗೆ ಆ ಸೈನ್ಯ ಕಟ್ಟಿದ ದ ಮ್ಯೂರಾನ್ ಮನೆತನದವರೇ ಮುಂದೆ ಬಂದು ದುರಸ್ತಿ ಮಾಡಿಸಿದರು. ಇನ್ನೂರು ವರ್ಷ ಕಳೆದರೂ ಅವರು ತಮ್ಮವರನ್ನು ಹುಡುಕಿಕೊಂಡು ಬಂದರು.

ನನಗೆ ಸಂಕಟ ಇನ್ನೊಂದು ವಿಷಯಕ್ಕೆ. 1799ರ ಅದೇ ಮೇ ತಿಂಗಳಲ್ಲಿ ಕೋಟೆ ಗೋಡೆ ಹತ್ತಿರ ಟಿಪ್ಪು ಕಡೆಯ ಸಾವಿರಾರು ಸಿಪಾಯಿಗಳು ಸತ್ತರು. ಟಿಪ್ಪುವಿಗೆ ಗಂಜಾಂನ ಗುಂಬಜ್‌ನಲ್ಲಿ ಅಪ್ಪ ಅಮ್ಮನ ಪಕ್ಕದಲ್ಲಿ ಜಾಗ ಸಿಕ್ಕಿತು. ಆ ಸಿಪಾಯಿಗಳಿಗೆ? ದನ ಬಿಡಿಸಲು ಹೋಗಿ ಸತ್ತವನಿಗೂ ವೀರಗಲ್ಲು ನೆಟ್ಟ ನಾಡು ನಮ್ಮದು, ಇವರ ಹೆಸರು ಬರೆದ ಒಂದು ಕಲ್ಲೂ ನನಗೆ ಆ ಊರಲ್ಲಿ ಕಂಡಿಲ್ಲ. ಹಾಗಂತ ಉಳಿದಿರುವ ಕಲ್ಲನ್ನೂ ಕಳೆದುಕೊಳ್ಳಬೇಕಾ? ಗೋರಿ ಯಾರದ್ದೇ ಇರಲಿ, ನಡೆದದ್ದು ನಮ್ಮ ಊರಲ್ಲಿ. ಆ ಜ್ವರ ನಮ್ಮ ಜನರನ್ನೂ ಬಿಟ್ಟಿರಲಿಕ್ಕಿಲ್ಲ, ಅವರ ಲೆಕ್ಕ ಇಡುವ ಕಲ್ಲು ಇಲ್ಲ ಅಷ್ಟೇ.

ಶಾಲೆ ಟ್ರಿಪ್‌ಗೆ ಮಕ್ಕಳನ್ನು ಕರೆತರುವ ಮೇಷ್ಟ್ರುಗಳು ದಯವಿಟ್ಟು ದರಿಯಾ ದೌಲತ್, ಗುಂಬಜ್ ಆದಮೇಲೆ ಇಲ್ಲಿಗೂ ಅರ್ಧ ಗಂಟೆ ಬನ್ನಿ. ಬೆಳಿಗ್ಗೆ ಬಂದರೆ ಒಳ್ಳೆಯದು, ಓರೆ ಬಿಸಿಲು ಬಿದ್ದಾಗ ಸವೆದ ಅಕ್ಷರವೂ ಕಾಣುತ್ತದೆ. ಓದಲು ಕಷ್ಟ ಅಂತ ಸೀಮೆಸುಣ್ಣ ಮಾತ್ರ ಉಜ್ಜಬೇಡಿ, ಕಲ್ಲು ಇನ್ನೂ ಸವೆಯುತ್ತದೆ. ಫೋಟೋ ತೆಗೆದು, ಹೆಸರು ಇಸವಿ ಒಂದು ಹಾಳೆಯಲ್ಲಿ ಬರೆದಿಡಿ ಸಾಕು.