ಎಣಿಕೆಗೆ ಬಾರದ ಹಡಗುಗಳು

2025ರ ಜೂನ್ 9ರ ರಾತ್ರಿ ಪಣಂಬೂರಿನ ನವಮಂಗಳೂರು ಬಂದರಿಗೆ ಐಎನ್‌ಎಸ್ ಸೂರತ್ ಬಂದು ನಿಂತಿತು. ಕೇರಳದ ಕಡಲಿನಲ್ಲಿ ಬೆಂಕಿ ಹತ್ತಿಕೊಂಡ ವಾನ್ ಹಾಯ್ 503 ಎಂಬ ಕಂಟೇನರ್ ಹಡಗಿನ 22 ಸಿಬ್ಬಂದಿಯಲ್ಲಿ 18 ಮಂದಿಯನ್ನು ಅದು ಕರೆತಂದಿತ್ತು. ನಾವೆಲ್ಲ ಗಾಯಾಳುಗಳ ಸುದ್ದಿಯನ್ನು ಆತಂಕದಿಂದ ಓದಿದೆವು. ಅವರನ್ನು ತಂದ ಹಡಗಿನ ಬಗ್ಗೆ ಹೆಚ್ಚು ಮಾತಾಗಲಿಲ್ಲ. ಸೂರತ್ 7,400 ಟನ್ನಿನ ಡೆಸ್ಟ್ರಾಯರ್, ಬ್ರಹ್ಮೋಸ್ ಕ್ಷಿಪಣಿ ಹೊತ್ತದ್ದು, ಅದೇ ವರ್ಷದ ಜನವರಿ 15ರಂದಷ್ಟೇ ನೌಕಾಪಡೆಗೆ ಸೇರಿದ್ದು. ಜೀವ ಉಳಿಸುವ ಕೆಲಸಕ್ಕೆ ಅದನ್ನು ಕಳುಹಿಸಿದ್ದು ಸರಿಯೇ. ಆದರೆ ಒಂದು ದೇಶಕ್ಕೆ ಎಷ್ಟು ಯುದ್ಧನೌಕೆ ಬೇಕು ಎಂದು ಲೆಕ್ಕ ಹಾಕುವವರು ಇಂಥ ರಾತ್ರಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಾಮಾನ್ಯವಾಗಿ ಈ ಚರ್ಚೆ ಒಟ್ಟು ಸಂಖ್ಯೆಯಿಂದ ಶುರುವಾಗುತ್ತದೆ. ಚೀನಾದ ಬಳಿ 370ಕ್ಕೂ ಹೆಚ್ಚು ಹಡಗುಗಳಿವೆ, ನಾವು 2035ರ ಹೊತ್ತಿಗೆ 175ನ್ನು ಮುಟ್ಟಬೇಕು ಎಂಬ ಮಾತು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂಥ ಎಣಿಕೆಯಲ್ಲಿ 45,000 ಟನ್ನಿನ ವಿಮಾನವಾಹಕ ನೌಕೆ ವಿಕ್ರಾಂತವೂ ಒಂದೇ, ಒಂದು ಸಣ್ಣ ಕ್ಷಿಪಣಿ ದೋಣಿಯೂ ಒಂದೇ. ಮಲ್ಪೆ ದಕ್ಕೆಯಲ್ಲಿ ನಿಂತು ನೋಡಿದವರು ಯಾರೂ ಹೀಗೆ ಎಣಿಸಲಾರರು. ಪರ್ಸೀನ್ ಬೋಟು ಮಾಡುವ ಕೆಲಸವನ್ನು ಆಳಸಮುದ್ರದ ಟ್ರಾಲ್ ಬೋಟು ಮಾಡುವುದಿಲ್ಲ, ಅವೆರಡೂ ಹೋಗದ ಕಡೆಗೆ ನಾಡದೋಣಿ ಹೋಗುತ್ತದೆ. ಯಾವ ಮೀನು, ಎಷ್ಟು ಮಾರು ನೀರು, ಎಷ್ಟು ದಿನದ ಪ್ರಯಾಣ ಎಂಬುದು ಮೊದಲು ನಿಶ್ಚಯವಾಗಬೇಕು, ಬೋಟಿನ ಮಾತು ಆಮೇಲೆ. ನೌಕಾಪಡೆಯ ಲೆಕ್ಕವೂ ಕೆಲಸದಿಂದಲೇ ಆರಂಭವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲಸ ಗೊತ್ತಾದ ಮೇಲೆ ಗುಣಾಕಾರ ಬರುತ್ತದೆ. ಕಡಲ್ಗಳ್ಳರ ಹಾವಳಿಯನ್ನು ತಡೆಯಲು 2008ರ ಅಕ್ಟೋಬರಿನಿಂದ ನಮ್ಮ ನೌಕಾಪಡೆ ಏಡನ್ ಕೊಲ್ಲಿಯಲ್ಲಿ ಗಸ್ತು ನಡೆಸುತ್ತಿದೆ. ಅಲ್ಲಿ ವರ್ಷವಿಡೀ ಒಂದು ಹಡಗು ಇರಬೇಕೆಂದರೆ ಒಂದು ಹಡಗು ಸಾಲದು, ಕನಿಷ್ಠ ಮೂರು ಬೇಕು. ಒಂದು ಅಲ್ಲಿರುವಾಗ ಇನ್ನೊಂದು ರಿಪೇರಿಯಲ್ಲಿರುತ್ತದೆ, ಮತ್ತೊಂದು ಹೋಗುವ ಅಥವಾ ಬರುವ ದಾರಿಯಲ್ಲೋ ತರಬೇತಿಯಲ್ಲೋ ಇರುತ್ತದೆ. ನಮ್ಮ ಮೀನುಗಾರರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧದ ಅವಧಿ ಇದೆ. ಆಗ ಯಾಂತ್ರಿಕ ಬೋಟುಗಳೆಲ್ಲ ಒಟ್ಟಿಗೇ ದಡ ಸೇರಿ ಎಂಜಿನ್ ಬಿಚ್ಚಿಸಿಕೊಂಡು, ಬಣ್ಣ ಬಳಿಸಿಕೊಂಡು ಸಿದ್ಧವಾಗುತ್ತವೆ. ನೌಕಾಪಡೆಗೆ ಹಾಗೆ ಎಲ್ಲವನ್ನೂ ಒಮ್ಮೆಗೇ ದಡಕ್ಕೆಳೆಯುವ ಅವಕಾಶವಿಲ್ಲ. ಆದ್ದರಿಂದ ಪಟ್ಟಿಯಲ್ಲಿರುವ ಹಡಗುಗಳಲ್ಲಿ ಮೂರನೆಯ ಒಂದು ಪಾಲು ಮಾತ್ರ ನಿರಂತರವಾಗಿ ಕಡಲಲ್ಲಿರುತ್ತದೆ ಎಂದು ಹಿಡಿಯುವುದು ವಾಡಿಕೆ. ಯುದ್ಧ ಬಂದರೆ ಸ್ವಲ್ಪ ಕಾಲ ಹೆಚ್ಚು ಹಡಗುಗಳನ್ನು ಹೊರಡಿಸಬಹುದು, ಆದರೆ ಅದನ್ನು ತಿಂಗಳುಗಟ್ಟಲೆ ನಡೆಸಲಾಗದು.

ದೂರವೂ ಲೆಕ್ಕವನ್ನು ಬದಲಿಸುತ್ತದೆ. ನಮ್ಮ ಕಚ್ಚಾ ತೈಲ ಬರುವ ಹೋರ್ಮುಜ್ ಜಲಸಂಧಿ ಮಂಗಳೂರಿನಿಂದ ಸುಮಾರು 1,300 ನಾಟಿಕಲ್ ಮೈಲಿ ದೂರದಲ್ಲಿದೆ. ಗಂಟೆಗೆ 15 ನಾಟಿಕಲ್ ಮೈಲಿಯ ವೇಗದಲ್ಲಿ ಸಾಗಿದರೂ ಮೂರೂವರೆ ದಿನಗಳು ಬೇಕು. ಅಷ್ಟು ದೂರ ಹೋಗಿ ವಾರಗಟ್ಟಲೆ ನಿಲ್ಲುವ ಹಡಗುಗಳಿಗೆ ನಡುಗಡಲಿನಲ್ಲಿಯೇ ಇಂಧನ ತುಂಬಿಸುವ ನೌಕೆಗಳು ಜೊತೆಗಿರಬೇಕು. ದೀಪಕ್, ಶಕ್ತಿ, ಜ್ಯೋತಿ, ಆದಿತ್ಯ ಎಂಬ ನಾಲ್ಕನ್ನೇ ನಂಬಿಕೊಂಡು ನಾವು ಬಹಳ ಕಾಲ ಕಳೆದೆವು. ಇನ್ನೈದು ನೌಕೆಗಳಿಗೆ ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡಿನೊಂದಿಗೆ ಒಪ್ಪಂದವಾದದ್ದು 2023ರಲ್ಲಿ.

1971ರ ಯುದ್ಧ ಇದನ್ನೆಲ್ಲ ನಮಗೆ ಆಗಲೇ ತೋರಿಸಿಕೊಟ್ಟಿತ್ತು. ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದವು ನಿರ್ಘಾತ್, ನಿಪಾತ್, ವೀರ್ ಎಂಬ ಪುಟ್ಟ ಕ್ಷಿಪಣಿ ದೋಣಿಗಳು. ಬಂದರಿನ ಕಾವಲಿಗೆಂದು ತರಿಸಿದ್ದ ಆ ದೋಣಿಗಳ ವ್ಯಾಪ್ತಿ ಕಡಿಮೆಯಾಗಿದ್ದುದರಿಂದ ಅವುಗಳನ್ನು ದೂರದವರೆಗೆ ಎಳೆದುಕೊಂಡು ಹೋಗಬೇಕಾಯಿತು. ಬೆಂಗಾವಲಿಗೆ ಕಿಲ್ಟನ್, ಕಚ್ಚಲ್ ಎಂಬ ದೊಡ್ಡ ಹಡಗುಗಳಿದ್ದವು. ಆ ಪುಟ್ಟ ದೋಣಿಗಳಂಥದ್ದೇ ಕ್ಷಿಪಣಿ ದೋಣಿಯಾದ ಚಪಲ್ ಇಂದು ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ನೋಡಿದವರಿಗೆ ಅದೆಷ್ಟು ಸಣ್ಣದೆಂದು ಆಶ್ಚರ್ಯವಾಗುತ್ತದೆ. ಕರಾಚಿಯ ಗೆಲುವಿನ ಐದು ದಿನಗಳ ನಂತರ, ಡಿಸೆಂಬರ್ 9ರಂದು, ಪಾಕಿಸ್ತಾನದ ಹಂಗೋರ್ ಎಂಬ ಜಲಾಂತರ್ಗಾಮಿಯು ದೀವ್ ಸಮೀಪ ನಮ್ಮ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳೂ 170ಕ್ಕೂ ಹೆಚ್ಚು ನಾವಿಕರೂ ಪ್ರಾಣ ಕಳೆದುಕೊಂಡರು. ಖುಕ್ರಿ ಜಲಾಂತರ್ಗಾಮಿಗಳನ್ನು ಬೇಟೆಯಾಡಲೆಂದೇ ನಿರ್ಮಿಸಿದ ಫ್ರಿಗೇಟ್ ಆಗಿತ್ತು. ಅಗತ್ಯವಾದ ವರ್ಗದ ಹಡಗು ಇದ್ದರಷ್ಟೇ ಸಾಲದು, ನೀರಿನಡಿಯ ಶಬ್ದ ಹಿಡಿಯುವ ಅದರ ಸೋನಾರು ಶತ್ರುವಿಗಿಂತ ದೂರದವರೆಗೆ ಕೇಳಿಸಿಕೊಳ್ಳುವಂತಿರಬೇಕು. ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆ ಸಂಕಟಕ್ಕೆ ಒಂದು ಉತ್ತರವೆಂಬಂತೆ ದಡದ ಸಮೀಪದ ನೀರಿನಲ್ಲಿ ಜಲಾಂತರ್ಗಾಮಿಗಳನ್ನು ಹುಡುಕುವ 16 ಸಣ್ಣ ನೌಕೆಗಳಿಗೆ 2019ರಲ್ಲಿ ಒಪ್ಪಂದವಾಯಿತು. ಕೊಚ್ಚಿಯಲ್ಲಿ 2024ರ ಸೆಪ್ಟೆಂಬರ್ 9ರಂದು ನೀರಿಗಿಳಿದ ಎರಡರ ಹೆಸರು ಮಲ್ಪೆ ಮತ್ತು ಮೂಲ್ಕಿ. 78 ಮೀಟರ್ ಉದ್ದ, 900 ಟನ್ನಿನ ಆಸುಪಾಸಿನ ತೂಕ, ಗಂಟೆಗೆ 25 ನಾಟಿಕಲ್ ಮೈಲಿ ವೇಗ. ನಮ್ಮೂರ ಹೆಸರುಗಳೆಂಬ ಸಂತೋಷ ನನಗೆ ಖಂಡಿತ ಇದೆ. ಆದರೆ ಈ ಹೆಸರುಗಳು ಹೊಸವಲ್ಲ. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಮಲ್ಪೆ, ಮೂಲ್ಕಿಗಳು ಮೈನ್‌ಸ್ವೀಪರ್‌ಗಳಾಗಿದ್ದವು. ನೀರಿನಡಿ ಹುದುಗಿಸಿಟ್ಟ ಸ್ಫೋಟಕಗಳಾದ ಮೈನ್‌ಗಳನ್ನು ಹುಡುಕಿ ನಾಶಮಾಡುವ ಹಡಗುಗಳು. ಹೆಸರು ಮರಳಿ ಬಂದಿದೆ, ಹಳೆಯ ಕೆಲಸ ಮಾತ್ರ ಅನಾಥವಾಗಿದೆ. ದೊಡ್ಡ ಮೈನ್‌ಸ್ವೀಪರ್‌ಗಳು ಒಂದು ಕಾಲದಲ್ಲಿ 12 ಇದ್ದವು. ಕೊನೆಯದಾದ ಐಎನ್‌ಎಸ್ ಕೋಳಿಕ್ಕೋಡ್ 2019ರಲ್ಲಿ ನಿವೃತ್ತವಾಯಿತು. ಅದರ ಜಾಗಕ್ಕೆ ಬರಬೇಕಾಗಿದ್ದ ಹಡಗುಗಳ ಖರೀದಿ ಮಾತುಕತೆ ಅದಕ್ಕೂ ಮೊದಲೇ ಮುರಿದುಬಿದ್ದಿತ್ತು.

ಇದನ್ನು ಕರಾವಳಿಯವರಾದ ನಾವು ಗಂಭೀರವಾಗಿ ಯೋಚಿಸಬೇಕು. ಮಂಗಳೂರಿನ ನೆಲದಡಿಯ ಗುಹೆಗಳಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲವನ್ನು ದೇಶದ ಆಪತ್ಕಾಲಕ್ಕೆಂದು ಸಂಗ್ರಹಿಸುವ ವ್ಯವಸ್ಥೆಯಿದೆ. ಅದನ್ನು ತುಂಬಿಸುವ ತೈಲ ನಮ್ಮ ಕಡಲಿನ ಮೂಲಕವೇ ಬರಬೇಕು. ಒಂದು ಜಲಾಂತರ್ಗಾಮಿ ರಾತ್ರಿಯಲ್ಲಿ ಬಂದು ಪಣಂಬೂರಿನ ಹಡಗುದಾರಿಯಲ್ಲಿ ನಾಲ್ಕೇ ಮೈನ್‌ಗಳನ್ನು ಇಟ್ಟು ಹೋದರೂ, ಅವು ನಾಲ್ಕೇ ಎಂದು ನಮಗೆ ಗೊತ್ತಾಗದ ಕಾರಣ ಇಡೀ ದಾರಿಯನ್ನು ಶೋಧಿಸಿ ಮುಗಿಸುವವರೆಗೆ ಯಾವ ತೈಲ ಹಡಗಿನ ಕಪ್ತಾನನೂ ಒಳಬರಲು ಒಪ್ಪಲಾರ. 1988ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ಎಂಬ ಫ್ರಿಗೇಟಿಗೆ ತಗುಲಿದ ಮೈನ್‌ನ ಬೆಲೆ ಸುಮಾರು 1,500 ಡಾಲರ್. ರಿಪೇರಿಗೆ ತಗುಲಿದ್ದು ಸುಮಾರು 9 ಕೋಟಿ ಡಾಲರ್.

ಮೂರನೆಯ ವಿಮಾನವಾಹಕ ನೌಕೆ ಬೇಡವೆಂದು ನಾನು ಹೇಳುತ್ತಿಲ್ಲ. ಮೂರರಲ್ಲಿ ಒಂದು ಎಂಬ ಲೆಕ್ಕದ ಪ್ರಕಾರವೇ, ವಿಕ್ರಮಾದಿತ್ಯ ಮತ್ತು ವಿಕ್ರಾಂತ ಎಂಬ ಎರಡರಿಂದ ಎರಡೂ ಕರಾವಳಿಗಳನ್ನು ಸದಾ ಕಾಯಲಾಗದು. ಆದರೆ ಸರದಿಯ ಪ್ರಶ್ನೆ ಬಂದರೆ ನಾನು ಮೈನ್‌ಸ್ವೀಪರ್‌ಗಳನ್ನೇ ಮುಂದಿಡುತ್ತೇನೆ, ಏಕೆಂದರೆ ವಿಮಾನವಾಹಕ ನೌಕೆಯೂ ಬಂದರಿನ ಬಾಗಿಲನ್ನು ದಾಟಿಯೇ ಹೊರಡಬೇಕು. 2018ರ ಡಿಸೆಂಬರಿನಲ್ಲಿ ಏಳು ಮೀನುಗಾರರೊಂದಿಗೆ ಮಲ್ಪೆಯಿಂದ ಹೋಗಿ ಕಾಣೆಯಾದ ಸುವರ್ಣ ತ್ರಿಭುಜ ಬೋಟಿನ ಅವಶೇಷ ಮರುವರ್ಷ ಮಾಲ್ವಣದಾಚೆಯ ಕಡಲ ತಳದಲ್ಲಿ ಸಿಕ್ಕಿತಲ್ಲ, ಅದನ್ನು ಪತ್ತೆಹಚ್ಚಿದ್ದು ಡೆಸ್ಟ್ರಾಯರೂ ಅಲ್ಲ, ಫ್ರಿಗೇಟೂ ಅಲ್ಲ. ಮುಳುಗುಗಾರರಿಗೆ ನೆರವಾಗುವ ಐಎನ್‌ಎಸ್ ನಿರೀಕ್ಷಕ್. ಕಡಲಿನ ತಳವನ್ನು ನೋಡಬಲ್ಲ ಇಂಥ ಹಡಗುಗಳು ಗಣರಾಜ್ಯೋತ್ಸವದ ಚಿತ್ರಗಳಲ್ಲಿ ಕಾಣುವುದಿಲ್ಲ.

2025ರ ಜುಲೈಯಲ್ಲಿ ರಕ್ಷಣಾ ಖರೀದಿ ಮಂಡಳಿಯು ಮೈನ್‌ಗಳನ್ನು ನಿವಾರಿಸುವ ಹೊಸ ಹಡಗುಗಳಿಗೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಪತ್ರಿಕೆಗಳ ವರದಿಯಂತೆ ಅವುಗಳ ಸಂಖ್ಯೆ 12. ಅವೆಲ್ಲ ಸಿದ್ಧವಾದ ದಿನವೂ ಒಮ್ಮೆಗೆ ನೆಚ್ಚಬಹುದಾದದ್ದು ನಾಲ್ಕು, ಪಶ್ಚಿಮ ಕರಾವಳಿಯ ಪಾಲಿಗೆ ಎರಡು. ಮುಂಬೈ, ಕಾಂಡ್ಲಾ, ಕಾರವಾರ, ಕೊಚ್ಚಿ, ಪಣಂಬೂರು ಇಷ್ಟಕ್ಕೂ ಸೇರಿ ಎರಡು. ಹಾಗಾಗಿ ಈ 12ನ್ನು ಮೊದಲ ಕಂತೆಂದು ತಿಳಿದು ಎರಡನೆಯ ಕಂತಿನ ಕಾಗದಪತ್ರವನ್ನು ಈಗಲೇ ಆರಂಭಿಸಬೇಕೆಂದು ನಾನು ಒತ್ತಾಯಿಸುತ್ತೇನೆ.