ಒಂದನೇ ತರಗತಿಯ ಹಾಡಿಗೂ ಒಂದು ಪುಟ ಬೇಕು

ಕಲಬುರಗಿ, ಬೀದರ, ಯಾದಗಿರಿಯ ಸಾಲಿಗಳಲ್ಲಿ ಹಾಡು-ಕುಣಿತಕ್ಕೆ ಬರವಿಲ್ಲ. ನಲಿ-ಕಲಿಯಲ್ಲಿ ಹಾಡು ಪಾಠದ ಭಾಗವೇ ಆಗಿದೆ. ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ, ಬಂತೆಂದರೆ ಊರಿಗೆ ಊರೇ ಅಂಗಳದಲ್ಲಿ ಸೇರುತ್ತದೆ. ಆದರೆ ಆರು ವರ್ಷದ ಮಗು ಜೂನ್‌ನಲ್ಲಿ ಹೇಗೆ ಹಾಡುತ್ತಿತ್ತು, ಮಾರ್ಚ್ ಹೊತ್ತಿಗೆ ಎಲ್ಲಿಗೆ ಬಂತು ಎಂದು ಬರೆದಿಡುವವರು ಕಡಿಮೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಭಾಗ-ಬಿಯಲ್ಲಿ, ಅಂದರೆ ಸಹಪಠ್ಯ ವಿಷಯಗಳ ಭಾಗದಲ್ಲಿ, ಕಲಾ ಶಿಕ್ಷಣಕ್ಕೆ ಜಾಗವೇನೋ ಇದೆ. ಬಹಳ ಕಡೆ ಆ ಕಾಲಮನ್ನು ವರ್ಷದ ಕೊನೆಗೆ ಒಂದೇ ಕೂತಿನಲ್ಲಿ ತುಂಬಿ, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಶ್ರೇಣಿ ಹಾಕಿಬಿಡುತ್ತಾರೆ.

ನಾನಿರುವ ಇಂಗ್ಲೆಂಡಿನಲ್ಲಿ ಐದು ವರ್ಷ ತುಂಬುವ ಶಾಲಾ ವರ್ಷದ ಕೊನೆಗೆ ಪ್ರತಿ ಮಗುವನ್ನು 17 ಕಲಿಕಾ ಗುರಿಗಳ ಮೇಲೆ ನೋಡುತ್ತಾರೆ. ಓದು, ಲೆಕ್ಕದ ಸಾಲಿನಲ್ಲೇ ಒಂದು ಗುರಿ ಹಾಡು-ಅಭಿನಯದ್ದು: ಗೊತ್ತಿರುವ ಶಿಶುಗೀತೆಗಳನ್ನು ಹಾಡುವುದು, ಕಥೆ-ಪದ್ಯಗಳನ್ನು ಇತರರ ಜೊತೆ ಆಡಿ ತೋರಿಸುವುದು, ಸಂಗೀತಕ್ಕೆ ತಕ್ಕಂತೆ ಮೈ ಆಡಿಸಲು ಯತ್ನಿಸುವುದು. ಇದಕ್ಕೆ ಪರೀಕ್ಷೆ ಇಲ್ಲ, ಅಂಕ ಇಲ್ಲ. ವರ್ಷವಿಡೀ ಕಂಡದ್ದರ ಮೇಲೆ ತರಗತಿಯ ಶಿಕ್ಷಕರು ‘ನಿರೀಕ್ಷಿತ ಮಟ್ಟ ಮುಟ್ಟಿದೆ’ ಅಥವಾ ‘ಇನ್ನೂ ಮೂಡುತ್ತಿದೆ’ ಎಂದು ಗುರುತು ಹಾಕುತ್ತಾರೆ. 150 ಅಂಕಕ್ಕೆ 100 ಬಂದರೆ ಪಾಸಾಗುವ, ಎಬಿಆರ್‌ಎಸ್‌ಎಂ ಎಂಬ ಸಂಗೀತ ಪರೀಕ್ಷಾ ಸಂಸ್ಥೆಯ ವಾದ್ಯ ಪರೀಕ್ಷೆಗಳೂ ಇಲ್ಲಿವೆ. ಅವು ಬೇಕೆಂದವರು ಶುಲ್ಕ ಕಟ್ಟಿ ಬರೆಯುವಂಥವು, ತರಗತಿಯ ಈ ನೋಟಕ್ಕೂ ಅವಕ್ಕೂ ಸಂಬಂಧವಿಲ್ಲ. ಇಲ್ಲಿ ಎಲ್ಲ ಸರಿಯಿದೆ ಎಂದಲ್ಲ. ವಾರಕ್ಕೆ ಕನಿಷ್ಠ ಒಂದು ಗಂಟೆ ಸಂಗೀತ ಇರಲಿ ಎಂದು 2022ರ ರಾಷ್ಟ್ರೀಯ ಸಂಗೀತ ಶಿಕ್ಷಣ ಯೋಜನೆ ಹೇಳಿದೆಯಾದರೂ ಅದು ಸಲಹೆ ಮಾತ್ರ, ಕಡ್ಡಾಯವಲ್ಲ.

ನಮ್ಮಲ್ಲಿ ಮೌಲ್ಯಮಾಪನ ಇರಬೇಕಾದ ಜಾಗದಲ್ಲಿ ಸ್ಪರ್ಧೆ ಬಂದು ಕೂತಿದೆ. ಪ್ರತಿಭಾ ಕಾರಂಜಿ ಒಳ್ಳೆಯ ಕಾರ್ಯಕ್ರಮ, ಅದು ನಿಲ್ಲಬಾರದು. ಆದರೆ ಮೂವತ್ತು ಮಕ್ಕಳಲ್ಲಿ ಇಬ್ಬರು ಕ್ಲಸ್ಟರ್ ಮಟ್ಟಕ್ಕೆ ಹೋದರೆ ಉಳಿದ ಇಪ್ಪತ್ತೆಂಟು ಮಕ್ಕಳ ಬಗ್ಗೆ ನಮಗೆ ಏನೂ ತಿಳಿಯುವುದಿಲ್ಲ. ಆರನೇ ವಯಸ್ಸಿಗೇ ‘ನಿನಗ ಹಾಡಾಕ ಬರಲ್ಲ’ ಎನಿಸಿಕೊಂಡ ಮಗು ಮುಂದೆ ಬಾಯಿ ತೆರೆಯುವುದು ಕಷ್ಟ.

ಹಾಗಾದರೆ ನೋಡುವುದು ಹೇಗೆ? ವಾರಕ್ಕೆ ಒಂದು ಅವಧಿ, ಆ ಅವಧಿಯಲ್ಲಿ ಐದೇ ಮಕ್ಕಳು. ಆರು ವಾರಕ್ಕೆ ಮೂವತ್ತು ಮಕ್ಕಳ ಒಂದು ಸುತ್ತು ಮುಗಿಯುತ್ತದೆ, ವರ್ಷಕ್ಕೆ ಮೂರು ಸುತ್ತು ಆರಾಮಾಗಿ ಆಗುತ್ತವೆ. ಎಲ್ಲರೂ ಹಾಡುತ್ತಿರುವಾಗಲೇ ಆ ಐವರತ್ತ ಕಿವಿ ಕೊಡಬೇಕು. ಒಬ್ಬೊಬ್ಬರನ್ನೇ ಮುಂದೆ ನಿಲ್ಲಿಸಿದರೆ ಸಿಗುವುದು ಮಗುವಿನ ನಾಚಿಕೆಯ ಅಳತೆ. ಗುರುತುಗಳು ಮೂರು ಸಾಕು: ಒಂಟಿಯಾಗಿ ಬರುತ್ತದೆ, ಜೊತೆಯಿದ್ದರೆ ಬರುತ್ತದೆ, ಇನ್ನೂ ಬಂದಿಲ್ಲ.

ಬಹಳ ತಪ್ಪಾಗುವುದು ಶ್ರುತಿಯಲ್ಲಿ. ಈ ವಯಸ್ಸಿನ ಮಕ್ಕಳ ದನಿ ಸಲೀಸಾಗಿ ಆಡುವುದು ಹಾರ್ಮೋನಿಯಂನ ಮಧ್ಯ ಸಪ್ತಕದ ಬಿಳಿ 2ರಿಂದ (ಎರಡನೇ ಬಿಳಿ ಮನೆ) ಬಿಳಿ 6ರ ತನಕ. ಬಿಳಿ 2ನ್ನು ‘ಸ’ ಮಾಡಿಕೊಂಡರೆ ‘ಪ’ವರೆಗಿನ ಐದು ಸ್ವರ, ಅಷ್ಟೇ. ಶಿಕ್ಷಕಿಯರು ತಮ್ಮ ದನಿಗೆ ಹೊಂದುವ ಮಂದ್ರದ (ಕೆಳಗಿನ ಸಪ್ತಕದ) ಬಿಳಿ 5ರಿಂದ ಎತ್ತಿಕೊಂಡರೆ ಮಕ್ಕಳಿಗೆ ತೀರಾ ತಗ್ಗಾಗಿ ಹಾಡು ಮಾತಾಗಿಬಿಡುತ್ತದೆ. ಗಂಡಸರು ಒಂದು ಸಪ್ತಕ ಕೆಳಗೆ ಹಾಡುವುದರಿಂದ ಕೆಲವು ಮಕ್ಕಳು ಆ ದನಿಯನ್ನೇ ಹಿಡಿಯಲು ಹೋಗಿ ಗಂಟಲು ಬಿಗಿ ಮಾಡಿಕೊಳ್ಳುತ್ತಾರೆ. ಎರಡರಲ್ಲೂ ಮಗುವಿಗೆ ‘ಬೇಸೂರು’ ಎಂಬ ಹೆಸರು ಬರುತ್ತದೆ, ತಪ್ಪು ಮಾತ್ರ ಎತ್ತುಗಡೆಯದು. ಮೊಬೈಲಿನ ತಂಬೂರಿ ಆ್ಯಪ್‌ನಲ್ಲಿ ಬಿಳಿ 2 ಇಟ್ಟು, ಶ್ರುತಿ ನಿಂತಿರುವ ಒಂದು ಮಗುವಿನಿಂದ ಮೊದಲ ಸಾಲು ಹೇಳಿಸಿದರೆ ಅರ್ಧ ತರಗತಿ ತಾನಾಗಿ ಸರಿಹೋಗುತ್ತದೆ.

ಲಯ ನೋಡಲು ನಿಧಾನದ ಪ್ರಾರ್ಥನೆ ಬೇಡ. ಚಿಕ್ಕ ಮಕ್ಕಳಿಗೆ ನಿಮಿಷಕ್ಕೆ 100ರಿಂದ 120 ಬಡಿತದ ನಡೆ ಸುಲಭ, 60ರ ವಿಳಂಬ ನಡೆಯಲ್ಲಿ ಅವರು ಓಡಿಯೇ ಓಡುತ್ತಾರೆ. ನಾಲ್ಕು ಬಡಿತದ ಚಪ್ಪಾಳೆ ತಟ್ಟಿ ಮರಳಿ ತಟ್ಟಿಸಿರಿ. ಮೂರು ಬೇರೆ ಬೇರೆ ನಮೂನೆ ಕೊಡಬೇಕು, ಒಂದೇ ಆದರೆ ಬಾಯಿಪಾಠವಾಗುತ್ತದೆ. ಪಕ್ಕದವರ ಕೈ ನೋಡಿ ತಟ್ಟುವುದನ್ನು ತಪ್ಪಿಸಲು ಮಕ್ಕಳನ್ನು ಬೆನ್ನು ಮಾಡಿ ಕೂರಿಸಿದರೆ ಆಯಿತು. ಹಾಗೆ ಕೂತಾಗ ಪ್ರತಿಸಲ ಸುಮ್ಮನೆ ಇರುವ ಮಗುವಿದ್ದರೆ ಅದರ ಕಿವಿಯನ್ನು ಡಾಕ್ಟರಿಗೆ ತೋರಿಸಬೇಕು. ಕಿವಿ ಸೋರುವ ಮಕ್ಕಳು ಹೀಗೆ ಸಿಕ್ಕುತ್ತಾರೆ, ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಅವರ ಹೆಸರು ಮೊದಲು ಕೊಡಬಹುದು.

ಅಭಿನಯದಲ್ಲಿ ಗ್ಯಾದರಿಂಗ್‌ನ ರೆಕಾರ್ಡ್ ಡ್ಯಾನ್ಸ್ ನೋಡಿ ಏನನ್ನೂ ಅಳೆಯಲಾಗದು. ಅಲ್ಲಿ ಮುಂದಿನ ಸಾಲಿನ ಇಬ್ಬರಿಗೆ ಗೊತ್ತು, ಹಿಂದಿನವರು ಅವರನ್ನು ನೋಡಿ ಕುಣಿಯುತ್ತಾರೆ. ಮಗು ತನ್ನ ಸರದಿಗೆ ಕಾಯುತ್ತದೆಯೇ, ಎದುರಿನವರ ಮಾತು ಮುಗಿದದ್ದು ಅರಿತು ತನ್ನ ಮಾತು ಎತ್ತುತ್ತದೆಯೇ, ದನಿ ಕೊನೆಯ ಸಾಲಿಗೆ ಮುಟ್ಟುತ್ತದೆಯೇ? ನೋಡಬೇಕಾದದ್ದು ಇದು.

ಈ ಕೆಲಸಕ್ಕೆ ಬೇಕಾದ ಸಾಮಗ್ರಿ ನಮ್ಮ ಸೀಮೆಯಲ್ಲಿ ಧಾರಾಳವಾಗಿದೆ. ಭಜನೆಯಲ್ಲಿ, ತತ್ವಪದದಲ್ಲಿ ಒಬ್ಬರು ಹೇಳಿದ ಸಾಲನ್ನು ಹಿಮ್ಮೇಳ ಮರಳಿ ಹೇಳುತ್ತದೆ. ಕೇಳಿ, ಹಿಡಿದು, ಮರಳಿಸುವ ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವ ಪಠ್ಯದಲ್ಲೂ ಇಲ್ಲ. ಮೊಹರಂನ ರಿವಾಯತ್ ಪದ, ಹಲಗೆಯ ನಡೆ, ಕೋಲಾಟ, ಬೀದರ ಕಡೆಯ ಬುಲಾಯಿ ಹಾಡು ಮಕ್ಕಳ ಕಿವಿಗೆ ಆಗಲೇ ಬಿದ್ದಿರುತ್ತವೆ. ತಾಂಡಾದ ಮಗು ಲಂಬಾಣಿ ಹಾಡು ಹೇಳಿದರೆ, ಬೀದರದ ಮಗು ಮರಾಠಿ ಇಲ್ಲವೇ ಉರ್ದು ಹಾಡು ಹೇಳಿದರೆ ಅದೂ ಲೆಕ್ಕಕ್ಕೆ ಬರಲೇಬೇಕು. ಇಲ್ಲಿ ನೋಡುವುದು ಶ್ರುತಿ-ಲಯ, ಕನ್ನಡದ ಉಚ್ಚಾರ ನೋಡಲು ಬೇರೆ ಅವಧಿ ಇದೆ.

ಎಸ್‌ಎಸ್‌ಎಲ್‌ಸಿಯಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕೊನೆಯ ಸ್ಥಾನಕ್ಕಿಳಿದ ಮೇಲೆ ‘ಓದಿಗೇ ಟೈಮಿಲ್ಲ, ಇನ್ನು ಹಾಡು ಬೇರೆ’ ಎಂಬ ಮಾತು ಬರುವುದು ಸಹಜ. ಆದರೆ ‘ಕ-ಲ-ಬು-ರ-ಗಿ’ಗೆ ಐದು ಚಪ್ಪಾಳೆ ತಟ್ಟುವ ಮಗು ಪದ ಒಡೆಯುವುದನ್ನು ಕಲಿಯುತ್ತಿರುತ್ತದೆ, ಅದು ಓದಿನ ಮೊದಲ ಮೆಟ್ಟಿಲು.

ಇನ್ನೊಂದು ತೊಡಕು ಗುಳೆ. ದೀಪಾವಳಿಯ ನಂತರ ಅಪ್ಪ-ಅವ್ವನ ಜೊತೆ ಮುಂಬೈ, ಹೈದರಾಬಾದಿಗೆ ಹೋಗುವ ಮಗುವಿನ ದಾಖಲೆ ಅಲ್ಲಿಗೇ ಕಡಿದುಹೋಗುತ್ತದೆ. ಮಗುವಿಗೊಂದು ಪುಟ ಇದ್ದರೆ ಮರಳಿ ಬಂದಾಗ ಅಲ್ಲಿಂದಲೇ ಮುಂದುವರಿಸಬಹುದು. ಸುತ್ತಿಗೊಮ್ಮೆ ಅರ್ಧ ನಿಮಿಷದ ದನಿ ಮಾತ್ರ ರೆಕಾರ್ಡ್ ಮಾಡಿಡಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಅಂಥ ಐದು ದನಿಗಳನ್ನು ಎಲ್ಲ ಶಿಕ್ಷಕರೂ ಹೆಸರಿಲ್ಲದೆ ಕೇಳಿ, ಬೇರೆ ಬೇರೆ ಗುರುತು ಹಾಕಿ, ಆಮೇಲೆ ಹೋಲಿಸಿ ನೋಡಲಿ. ಒಬ್ಬರಿಗೆ ‘ಬಂದಿದೆ’ ಎನಿಸಿದ್ದು ಇನ್ನೊಬ್ಬರಿಗೆ ‘ಬಂದಿಲ್ಲ’ ಎನಿಸಿದರೆ ಏಕೆಂದು ಅಲ್ಲೇ ಮಾತಾಡಿಕೊಳ್ಳಲಿ. ಇದಕ್ಕೆ ಸಂಗೀತ ಶಿಕ್ಷಕರ ನೇಮಕಾತಿಗೆ ಕಾಯಬೇಕಿಲ್ಲ, ಈ ಜೂನ್‌ನಲ್ಲೇ ಸುರು ಮಾಡಬಹುದು.