ಪೆಲೆಟ್ ಸ್ಟವ್ ಬಿಸಿ ಕೊಡ್ತಿಲ್ವಾ? ಬಟನ್ ಬಿಡಿ, ಬೂದಿ ನೋಡಿ

ಚಳಿ ದೇಶದಲ್ಲಿ ಮನೆ ಮಾಡಿರುವ ಕನ್ನಡಿಗರು ನಾಲ್ಕು ಜನ ಸೇರಿದರೆ ಚಳಿಗಾಲದಲ್ಲಿ ಒಂದು ದೂರು ಬಂದೇ ಬರುತ್ತದೆ. "ನಮ್ಮ ಪೆಲೆಟ್ ಸ್ಟವ್ ಮೊದಲಿನ ಹಾಗೆ ಬಿಸಿ ಕೊಡ್ತಾ ಇಲ್ಲ ಕಣ್ರೀ." ಪೆಲೆಟ್ ಅಂದರೆ ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಗುಳಿಗೆ, ಅದನ್ನು ಉರಿಸಿ ಮನೆ ಬಿಸಿ ಮಾಡುವ ಒಲೆ ಇದು. ದೂರಿನ ಹಿಂದೆಯೇ ಕಾರಣಗಳೂ ಬರುತ್ತವೆ. ಈ ಸಲದ ಪೆಲೆಟ್ ಸರಿಯಿಲ್ಲ, ಸ್ಟವ್ ಹಳೇದಾಯಿತು, ಹಾಲ್ ದೊಡ್ಡದಾಯಿತು. ಒಳಗಿನ ಬೂದಿ ಪೂರ್ತಿ ತೆಗೆದಿದ್ದು ಯಾವಾಗ ಅಂತ ಕೇಳಿ ನೋಡಿ. ಮಾತು ಬೇರೆ ಕಡೆ ತಿರುಗುತ್ತದೆ.

ಇಲ್ಲೇ ಹುಟ್ಟಿ ಬೆಳೆದವರನ್ನೂ ಹೊರಗಿಂದ ಬಂದ ನಮ್ಮಂಥವರನ್ನೂ ನೋಡುತ್ತಾ ಬಂದಿದ್ದೇನೆ. ನನಗೆ ಕಾಣುವ ವ್ಯತ್ಯಾಸ ಇಷ್ಟೇ. ಅವರು ಅದನ್ನು ಬೆಂಕಿ ಅಂತ ನೋಡುತ್ತಾರೆ, ನಾವು ಯಂತ್ರ ಅಂತ ನೋಡುತ್ತೇವೆ. ನಮ್ಮ ತಪ್ಪೂ ಅಲ್ಲ ಬಿಡಿ. ರಿಮೋಟ್ ಇದೆ, ಟೈಮರ್ ಇದೆ, ಬಟನ್ ಒತ್ತಿದರೆ ತಾನೇ ಹೊತ್ತಿಕೊಳ್ಳುತ್ತದೆ, ಈಗೀಗ ಫೋನಿನಿಂದಲೂ ಆನ್ ಮಾಡಬಹುದು. ಇಷ್ಟೆಲ್ಲ ಇರುವಾಗ ಯಂತ್ರ ಅನ್ನಿಸದೆ ಇನ್ನೇನು? ಆದರೆ ಒಳಗೆ ಉರಿಯುವುದು ಮರ. ಮರ ಉರಿದರೆ ಬೂದಿ ಇದ್ದೇ ಇರುತ್ತದೆ, ಅದನ್ನು ಯಾರಾದರೂ ತೆಗೆಯಲೇಬೇಕು.

ಒಳಗೆ ಏನು ನಡೆಯುತ್ತದೆ ಅಂತ ಒಮ್ಮೆ ಗೊತ್ತಾದರೆ ಕ್ಲೀನ್ ಮಾಡುವುದಕ್ಕೆ ಬೇಜಾರಾಗುವುದಿಲ್ಲ. ಮೇಲಿನ ಹಾಪರ್‌ನಿಂದ, ಅಂದರೆ ಪೆಲೆಟ್ ತುಂಬಿಡುವ ಡಬ್ಬದಿಂದ, ಪೆಲೆಟ್‌ಗಳನ್ನು ಆಗರ್ ಅನ್ನುವ ಸುರುಳಿ ಸ್ವಲ್ಪ ಸ್ವಲ್ಪವೇ ತಂದು ಬರ್ನ್ ಪಾಟ್‌ಗೆ ಹಾಕುತ್ತದೆ. ಬರ್ನ್ ಪಾಟ್ ಅಂದರೆ ಬೆಂಕಿ ಉರಿಯುವ ಚಿಕ್ಕ ಬಟ್ಟಲು. ಅದರ ತಳದಲ್ಲಿ ತೂತುಗಳಿರುತ್ತವೆ, ಗಾಳಿ ಬರುವುದು ಅಲ್ಲಿಂದ. ಒಂದು ಫ್ಯಾನು ಹೊಗೆಯನ್ನು ಹೊರಗಿನ ಪೈಪಿಗೆ ಎಳೆದು ತಳ್ಳುತ್ತದೆ, ಆ ಎಳೆತಕ್ಕೇ ಹೊಸ ಗಾಳಿ ತೂತುಗಳ ಮೂಲಕ ಒಳಗೆ ಬರುತ್ತದೆ. ಬಿಸಿ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಕಬ್ಬಿಣದ ಕೊಳವೆಗಳನ್ನು ಕಾಯಿಸುತ್ತದೆ. ಇನ್ನೊಂದು ಫ್ಯಾನು ಕೋಣೆಯ ಗಾಳಿಯನ್ನು ಆ ಕೊಳವೆಗಳ ಮೂಲಕ ಊದುತ್ತದೆ, ನಮಗೆ ಸಿಗುವ ಬಿಸಿ ಅದೇ.

ಬೂದಿ ಈ ಎರಡೂ ಕಡೆ ಕೈ ಹಾಕುತ್ತದೆ. ತೂತು ಮುಚ್ಚಿದರೆ ಬೆಂಕಿಗೆ ಗಾಳಿ ಸಾಲದು, ಪೆಲೆಟ್ ಅರ್ಧಂಬರ್ಧ ಸುಟ್ಟು ಮಸಿಯಾಗುತ್ತದೆ. ಕೊಳವೆಗಳ ಮೇಲೆ ಮಸಿ ಮತ್ತು ಬೂದಿಯ ಪದರ ಕೂತರೆ ಶಾಖ ಕಬ್ಬಿಣಕ್ಕೆ ದಾಟುವುದಿಲ್ಲ, ಸೀದಾ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಮನೆ ತಣ್ಣಗೆ, ಹೊರಗಿನ ಪೈಪು ಬಿಸಿ. ಆಗ ನಾವು ಏನು ಮಾಡುತ್ತೇವೆ? ಒಂದು ನಂಬರ್ ಏರಿಸುತ್ತೇವೆ. ಆಗರ್ ಜಾಸ್ತಿ ಪೆಲೆಟ್ ಸುರಿಯುತ್ತದೆ, ಜಾಸ್ತಿ ಬೂದಿ ಬೀಳುತ್ತದೆ, ತೂತು ಇನ್ನಷ್ಟು ಮುಚ್ಚುತ್ತದೆ. ಮೂಗು ಕಟ್ಟಿಕೊಂಡು ಉಸಿರಾಡಲು ಒದ್ದಾಡುವವನಿಗೆ ಇನ್ನೆರಡು ತುತ್ತು ತುರುಕಿದ ಹಾಗೆ.

"ಪೆಲೆಟ್‌ನಲ್ಲಿ ಬೂದಿ ಎಷ್ಟು ಮಹಾ ಇರುತ್ತೆ?" ಅಂತ ಕೇಳುವವರಿದ್ದಾರೆ. ಲೆಕ್ಕ ಹಾಕಿದರೆ ಅವರು ಹೇಳುವುದು ಸರಿಯೇ. ಇಎನ್‌ಪ್ಲಸ್ ಅನ್ನುವುದು ಪೆಲೆಟ್‌ನ ಗುಣಮಟ್ಟಕ್ಕೆ ಕೊಡುವ ಮುದ್ರೆ. ಅದರ ಎ1 ದರ್ಜೆಯ ಪೆಲೆಟ್‌ನಲ್ಲಿ ಬೂದಿ 0.7 ಪರ್ಸೆಂಟ್ ದಾಟಬಾರದು, ಎ2 ದರ್ಜೆಯಲ್ಲಿ 1.2. ಅಂದರೆ 15 ಕಿಲೋ ಚೀಲ ಉರಿದರೆ ಎ1ನಲ್ಲಿ ಹೆಚ್ಚೆಂದರೆ ನೂರು ಗ್ರಾಂ ಚಿಲ್ಲರೆ. ತೂಕದಲ್ಲಿ ಏನೂ ಅಲ್ಲ. ಆದರೆ ಅದು ಟ್ರೇಗೆ ಬಿದ್ದು ತೆಪ್ಪಗೆ ಕೂರುವ ಬೂದಿಯಲ್ಲ. ಹಗುರ, ನುಣುಪು, ಫ್ಯಾನಿನ ಎಳೆತಕ್ಕೆ ಹಾರಿಕೊಂಡು ಹೋಗಿ ಕೈಗೆ ಸಿಗದ ಜಾಗದಲ್ಲೆಲ್ಲ ಕೂರುತ್ತದೆ. ಟ್ರೇ ಖಾಲಿ ಮಾಡಿ "ಕ್ಲೀನ್ ಆಯ್ತು" ಅನ್ನುವವರು ಕಣ್ಣಿಗೆ ಕಂಡಿದ್ದನ್ನಷ್ಟೇ ತೆಗೆದಿರುತ್ತಾರೆ.

ಜನ ಇದನ್ನು ನೋಡಿಕೊಳ್ಳುವ ರೀತಿ ಒಂದೊಂದು ಥರ. ಕೆಲವರು ವರ್ಷಕ್ಕೊಮ್ಮೆ ಟೆಕ್ನಿಷಿಯನ್ ಕರೆಸಿ, ಉಳಿದ ದಿನ ಕೈ ಹಾಕುವುದೇ ಇಲ್ಲ. ನಮ್ಮವರಲ್ಲಿ ಇದು ಜಾಸ್ತಿ, ಬಾಡಿಗೆ ಮನೆಯಲ್ಲಿದ್ದವರಲ್ಲಿ ಇನ್ನೂ ಜಾಸ್ತಿ. ಕೆಲವರು ಕ್ಯಾಲೆಂಡರ್ ಹಿಡಿದವರು. ಭಾನುವಾರ ಅಂದರೆ ಭಾನುವಾರ, ಸ್ಟವ್ ಎಷ್ಟು ಉರಿದಿದೆ ಅನ್ನುವುದು ಲೆಕ್ಕಕ್ಕಿಲ್ಲ. ಇನ್ನು ಕೆಲವರು ಚೀಲ ಎಣಿಸುತ್ತಾರೆ, ಇಷ್ಟು ಚೀಲಕ್ಕೆ ಒಂದು ಸಲ ಅಂತ. ಕ್ಯಾಲೆಂಡರ್‌ಗಿಂತ ಇದು ವಾಸಿ, ಯಾಕೆಂದರೆ ಬೂದಿ ಬರುವುದು ಪೆಲೆಟ್‌ನಿಂದ, ವಾರದಿಂದ ಅಲ್ಲ. ಇಲ್ಲಿನ ಹಳೇ ಜನ ಎಣಿಸುವುದೂ ಇಲ್ಲ, ಗಾಜಿನ ಮುಂದೆ ನಿಂತು ಉರಿ ನೋಡುತ್ತಾರೆ ಅಷ್ಟೇ. ನನ್ನ ಮತ ಅವರ ಕಡೆಗೆ.

ಉರಿ ಸುಳ್ಳು ಹೇಳುವುದಿಲ್ಲ. ಸ್ಟವ್ ಚೆನ್ನಾಗಿದ್ದರೆ ಉರಿ ಬೆಳ್ಳನೆ ಹಳದಿ ಬಣ್ಣ, ಚುರುಕಾಗಿ ಕುಣಿಯುತ್ತಿರುತ್ತದೆ, ಬಟ್ಟಲಲ್ಲಿ ಕಿಡಿಗಳು ಜಿಗಿಯುತ್ತಿರುತ್ತವೆ. ಗಾಳಿ ಕಡಿಮೆಯಾದರೆ ಉರಿ ಉದ್ದವಾಗಿ, ಕಿತ್ತಳೆ ಬಣ್ಣಕ್ಕೆ ತಿರುಗಿ, ಸೋಮಾರಿಯ ಹಾಗೆ ತೂಗಾಡುತ್ತದೆ, ತುದಿಯಲ್ಲಿ ಕಪ್ಪು ಹೊಗೆ. ಗಾಜು ನೋಡಿದರೂ ತಿಳಿಯುತ್ತದೆ. ತಿಳಿ ಬೂದು ಬಣ್ಣದ ಪುಡಿ ಕೂತಿದ್ದರೆ ಮಾಮೂಲು. ಒರೆಸಿದ ಮರುದಿನವೇ ಕಪ್ಪಗಾದರೆ ಎಲ್ಲೋ ದಾರಿ ಕಟ್ಟಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ.

ಬರ್ನ್ ಪಾಟ್‌ನ ವಿಷಯದಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. ದಿನಾ ಉರಿಸುವವರು ದಿನಾ ನೋಡಬೇಕು. ಸ್ಟವ್ ಪೂರ್ತಿ ಆರಿ ತಣ್ಣಗಾದ ಮೇಲೆ ಬಟ್ಟಲು ಎತ್ತಿ, ಕೆರೆದು, ಬೆಳಕಿಗೆ ಹಿಡಿದು ಒಂದೊಂದು ತೂತೂ ಕಾಣುತ್ತಾ ನೋಡಿ. ಕಾಣದಿದ್ದರೆ ತಂತಿಯಿಂದ ಚುಚ್ಚಿ ಬಿಡಿಸಿ. ಬಟ್ಟಲು ಇಡುವ ಜಾಗದ ಅಡಿಯಲ್ಲೂ ಬೂದಿ ತುಂಬಿರುತ್ತದೆ, ಅದನ್ನೂ ತೆಗೆಯಿರಿ. ಪೆಲೆಟ್‌ಗೆ ಬೆಂಕಿ ಹೊತ್ತಿಸುವ ಇಗ್ನೈಟರ್ ಮುಂದಿನ ತೂತು ಮುಚ್ಚಿದ್ದರೆ ಸ್ಟವ್ ಹೊತ್ತಿಕೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಜನ ಇಗ್ನೈಟರ್ ಹೋಯಿತು ಅಂತ ಹೊಸದು ತರಿಸುತ್ತಾರೆ. ವಾಪಸ್ ಇಡುವಾಗ ಬಟ್ಟಲು ಸರಿಯಾಗಿ ಕೂತಿದೆಯಾ ನೋಡಿ, ಓರೆಯಾಗಿ ಕೂತರೆ ಗಾಳಿ ತೂತು ಬಿಟ್ಟು ಪಕ್ಕದಿಂದ ಹೋಗುತ್ತದೆ.

ಬಟ್ಟಲಿನಲ್ಲಿ ಗಾಜಿನಂಥ ಗಟ್ಟಿ ಕಿಟ್ಟ ಸಿಕ್ಕರೆ ಅದಕ್ಕೆ ಬೇರೆ ಕಥೆ. ಬೂದಿ ಕರಗಿ ಮತ್ತೆ ಗಟ್ಟಿಯಾದರೆ ಹಾಗಾಗುತ್ತದೆ. ತೊಗಟೆ, ಮಣ್ಣು, ಮರಳು ಸೇರಿದ ಪೆಲೆಟ್‌ನ ಬೂದಿ ಕಡಿಮೆ ಶಾಖಕ್ಕೇ ಕರಗುತ್ತದೆ. ಎ1 ಪೆಲೆಟ್‌ನ ಬೂದಿ 1200 ಡಿಗ್ರಿ ಸೆಲ್ಸಿಯಸ್ ತನಕ ಮೆತ್ತಗಾಗಬಾರದು ಅನ್ನುವ ನಿಯಮ ಇರುವುದು ಇದೇ ಕಾರಣಕ್ಕೆ. ಹಾಗಾಗಿ ಕಿಟ್ಟ ಪದೇ ಪದೇ ಕಟ್ಟುತ್ತಿದ್ದರೆ, ಬೂದಿ ದಿನಾ ತೆಗೆಯುತ್ತಿದ್ದೂ ಕಟ್ಟುತ್ತಿದ್ದರೆ, ಆಗ ಪೆಲೆಟ್ ಬದಲಿಸಿ. ಪೆಲೆಟ್ ಸರಿಯಿಲ್ಲ ಅನ್ನುವ ಮಾತು ಆಗ ಒಪ್ಪುತ್ತೇನೆ.

ಇನ್ನು ಕಾಣದ ಜಾಗಗಳು. ಎಷ್ಟೋ ಸ್ಟವ್‌ಗಳಲ್ಲಿ ಕೊಳವೆಗಳನ್ನು ಕೆರೆಯಲು ಒಂದು ಸಲಾಕೆ ಇರುತ್ತದೆ, ಹಿಡಿ ಹೊರಗಿರುತ್ತದೆ, ಎಳೆದು ತಳ್ಳಿದರೆ ಸಾಕು. ಅದು ಇದೆ ಅಂತಲೇ ಗೊತ್ತಿಲ್ಲದೆ ವರ್ಷಗಟ್ಟಲೆ ಉರಿಸಿದವರಿದ್ದಾರೆ. ಬೆಂಕಿಯ ಹಿಂದಿನ ಹಲಗೆಗಳನ್ನು ಬಿಚ್ಚಿದರೆ ಹಿಂದೆ ಇನ್ನೊಂದು ಗೂಡು, ಅಲ್ಲಿಂದ ಹೊಗೆ ಕೆಳಗಿಳಿದು ಫ್ಯಾನಿಗೆ ಹೋಗುತ್ತದೆ. ಬೂದಿ ನಿಜವಾಗಿ ಸೇರಿಕೊಳ್ಳುವುದು ಇಲ್ಲಿ. ಇಲ್ಲಿನವರು ರಬ್ಬರ್ ಸುತ್ತಿಗೆಯಿಂದ ಒಳಗಿನ ಲೋಹದ ಗೋಡೆಗೆ ಮೆಲ್ಲಗೆ ತಟ್ಟುತ್ತಾರೆ, ತಟ್ಟಿದ ಹಾಗೆಲ್ಲ ಬೂದಿ ಉದುರುತ್ತದೆ. ನೋಡಿದರೆ ನಂಬಲಾಗದಷ್ಟು ಉದುರುತ್ತದೆ. ಆದರೆ ಒಳಗಿನ ಹಲಗೆ ವರ್ಮಿಕ್ಯುಲೈಟ್ ಅನ್ನುವ ಶಾಖ ತಡೆಯುವ ಖನಿಜದ್ದಾದರೆ ತಟ್ಟಬೇಡಿ, ಮೆತ್ತನೆಯದು, ಒಡೆಯುತ್ತದೆ.

ಎಲೆ ಗುಡಿಸುವ ಬ್ಲೋವರನ್ನು ಹೀರುವ ಕಡೆಗೆ ತಿರುಗಿಸಿ ಹೊರಗಿನ ಪೈಪಿಗೆ ಕಟ್ಟಿ, ಒಳಗಿನ ಬೂದಿಯನ್ನೆಲ್ಲ ಒಂದೇ ಸಲ ಎಳೆದುಬಿಡುವವರೂ ಇದ್ದಾರೆ. ಈ ಉಪಾಯದ ಬಗ್ಗೆ ಎರಡು ಪಂಗಡ ಇದೆ, ಜಗಳವೇ ಆಡುತ್ತಾರೆ. ಕೆಲಸ ಮಾಡುತ್ತದೆ ಅನ್ನುವುದು ನಿಜ. ಆದರೆ ಮೊದಲು ಕೈಯಲ್ಲಿ ಕೆರೆದು, ತಟ್ಟಿ, ಆಮೇಲೆ ಕೊನೆಯಲ್ಲಿ ಇದನ್ನು ಮಾಡಿದರೆ ಸರಿ. ಕೆರೆಯುವ ಬದಲಿಗೆ ಇದೊಂದೇ ಸಾಕು ಅಂದರೆ ಅಂಟಿಕೊಂಡ ಮಸಿ ಅಲ್ಲೇ ಇರುತ್ತದೆ. ಒಳಗೆ ಒಂದು ಕೆಂಡ ಉಳಿದಿದ್ದರಂತೂ ಕಥೆ ಮುಗಿಯಿತು. ಅಕ್ಕಪಕ್ಕದವರ ಕಾರಿನ ಮೇಲೆ ಆ ಬೂದಿ ಹೋಗಿ ಕೂರುವುದು ಬೇರೆ ವಿಷಯ.

ಕೆಂಡದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಬೂದಿ ತಣ್ಣಗಿದೆ ಅಂತ ಮೇಲಿಂದ ಅನ್ನಿಸಿದರೂ ಒಳಗೆ ಕೆಂಡ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಜೀವ ಹಿಡಿದಿರಬಹುದು. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರನ್ನು ಇದಕ್ಕೆ ಹಿಡಿಯಬೇಡಿ. ನುಣುಪು ಬೂದಿ ಅದರ ಫಿಲ್ಟರ್ ದಾಟಿ ಕೋಣೆಗೇ ವಾಪಸ್ ಬರುತ್ತದೆ, ಮೋಟರ್ ಹಾಳಾಗುತ್ತದೆ, ಕೆಂಡ ಹೊಕ್ಕರೆ ಚೀಲಕ್ಕೆ ಬೆಂಕಿ. ಬೂದಿಗೆಂದೇ ಲೋಹದ ಡಬ್ಬಿಯ ವ್ಯಾಕ್ಯೂಮ್ ಸಿಗುತ್ತದೆ, ಅದರಲ್ಲೂ ತಣ್ಣಗಾದ ಬೂದಿಯನ್ನಷ್ಟೇ ಎಳೆಯಬೇಕು. ತೆಗೆದ ಬೂದಿ ಮುಚ್ಚಳ ಇರುವ ಲೋಹದ ಡಬ್ಬಿಗೆ ಹೋಗಲಿ, ಡಬ್ಬಿ ಮನೆಯ ಹೊರಗೆ, ಮರದ ಹಲಗೆಯ ಮೇಲಲ್ಲ, ಕಲ್ಲು ಅಥವಾ ಸಿಮೆಂಟಿನ ಮೇಲೆ ಇರಲಿ.

ಸ್ಟವ್ ಬಾಗಿಲಿನ ಸಂದು ಮುಚ್ಚುವ ಗ್ಯಾಸ್ಕೆಟ್‌ನ ಪರೀಕ್ಷೆ ಸುಲಭ. ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಹಗ್ಗದಂಥ ಆ ಗ್ಯಾಸ್ಕೆಟ್ ಬದಲಿಸುವ ಕಾಲ ಬಂದಿದೆ. ಅಲ್ಲಿಂದ ನುಗ್ಗುವ ಗಾಳಿ ಬಟ್ಟಲಿನ ತೂತಿಗೆ ಹೋಗಬೇಕಾದ ಗಾಳಿ. ಗಾಜಿಗೆ ಒದ್ದೆ ಕಾಗದವನ್ನು ನುಣುಪು ಬೂದಿಯಲ್ಲಿ ಅದ್ದಿ ಉಜ್ಜಿದರೆ ಸಾಕು, ಗಾಜು ತಣ್ಣಗಿರುವಾಗ.

ಹಾಪರ್ ತಳದಲ್ಲಿ ಸೇರುವ ಮರದ ಪುಡಿಯನ್ನು ಯಾರೂ ನೆನಪಿಡುವುದಿಲ್ಲ. ಮೇಲೆ ಹೊಸ ಚೀಲ ಸುರಿಯುತ್ತಲೇ ಇರುತ್ತಾರೆ, ಕೆಳಗೆ ಪುಡಿ ಕೂಡುತ್ತಲೇ ಇರುತ್ತದೆ, ಒಂದು ದಿನ ಆಗರ್‌ಗೆ ಸಿಕ್ಕಿಕೊಳ್ಳುತ್ತದೆ. ಆಗಾಗ ಹಾಪರ್ ಪೂರ್ತಿ ಖಾಲಿಯಾಗಲು ಬಿಟ್ಟು ಪುಡಿ ತೆಗೆಯಿರಿ. ಪೆಲೆಟ್ ಚೀಲ ಒಣ ಜಾಗದಲ್ಲಿರಲಿ, ತೇವ ಹಿಡಿದರೆ ಅದು ಉಬ್ಬಿ ಮತ್ತೆ ಮರದ ಪುಡಿಯೇ ಆಗುತ್ತದೆ.

ಇನ್ನೊಂದು ಅಭ್ಯಾಸ ನಮ್ಮವರದು. ಉಳಿತಾಯ ಅಂತ ದಿನವಿಡೀ ಅತಿ ಸಣ್ಣ ಉರಿಯಲ್ಲಿ ಇಡುವುದು. ಸಣ್ಣ ಉರಿಯಲ್ಲಿ ಶಾಖ ಕಡಿಮೆ, ಮಸಿ ಜಾಸ್ತಿ. ದಿನಕ್ಕೊಮ್ಮೆ ಅರ್ಧ ಗಂಟೆಯಾದರೂ ಜೋರಾಗಿ ಉರಿಸಿದರೆ ಮಸಿ ಕೂರುವುದು ಕಡಿಮೆಯಾಗುತ್ತದೆ. "ನಮ್ಮದರಲ್ಲಿ ಆಟೋ ಕ್ಲೀನ್ ಇದೆ" ಅನ್ನುವವರಿಗೆ ಒಂದು ಮಾತು. ಅದು ಬಟ್ಟಲಿನ ಬೂದಿಯನ್ನು ಊದುತ್ತದೆ ಅಥವಾ ಕೆಡವುತ್ತದೆ, ಅಷ್ಟೇ. ಊದಿದ್ದು ಹೋಗಿ ಕೂರುವುದು ಹಿಂದಿನ ಗೂಡಿನಲ್ಲೇ ಅಲ್ವಾ?

ಟೆಕ್ನಿಷಿಯನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಹೊಗೆ ತಳ್ಳುವ ಫ್ಯಾನು, ಪೈಪು, ಎಳೆತ ಸರಿಯಿದೆಯಾ ಅಂತ ನೋಡುವ ಪ್ರೆಷರ್ ಸ್ವಿಚ್‌ನ ಕೊಳವೆ, ಇವು ಅವರಿಗೇ ಇರಲಿ. ಪೆಲೆಟ್ ಸ್ಟವ್‌ನಲ್ಲಿ ಫ್ಯಾನು ಹೊಗೆಯನ್ನು ಒತ್ತಡದಿಂದ ಹೊರಗೆ ತಳ್ಳುತ್ತದೆ, ಹಾಗಾಗಿ ಪೈಪಿನ ಜೋಡಣೆ ಸಡಿಲವಾದರೆ ಹೊಗೆ, ಅದರ ಜೊತೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೇ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಪತ್ತೆ ಮಾಡುವ ಅಲಾರಂ ಇಲ್ಲದೆ ಈ ಸ್ಟವ್ ಉರಿಸಲೇಬೇಡಿ.

ಕರೆಸುವ ಹೊತ್ತಿನ ಬಗ್ಗೆ ಮಾತ್ರ ನನ್ನ ತಕರಾರಿದೆ. ಎಲ್ಲರೂ ಚಳಿ ಶುರುವಾಗುವ ಮುಂಚೆ ಕರೆಸುತ್ತಾರೆ, ಆಗ ಅವರಿಗೆ ಬಿಡುವೇ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬೇಸಿಗೆಯಿಡೀ ಆ ಬೂದಿ ಒಳಗೇ ಕೂತು ಗಾಳಿಯ ತೇವ ಹೀರಿಕೊಂಡು ಕಬ್ಬಿಣ ತಿನ್ನುತ್ತಿರುತ್ತದೆ. ಚಳಿ ಮುಗಿದ ವಾರವೇ ಕರೆಸಿ. ಹಾಪರ್ ಖಾಲಿ ಮಾಡಿ, ಪ್ಲಗ್ ಕಿತ್ತಿಡಿ. ಮತ್ತೆ ಹೊತ್ತಿಸುವ ಕಾಲಕ್ಕೆ ಹೊರಗಿನ ಪೈಪಿನ ಬಾಯಿಗೆ ಹಕ್ಕಿ ಗೂಡು ಕಟ್ಟಿದೆಯಾ ಅಂತ ಒಂದು ಸಲ ಇಣುಕಿ ನೋಡಿ, ಆಮೇಲೆ ಬಟನ್ ಒತ್ತಿ.